ಮಸೂರದ ಬೇಳೆ, ಮಸೂರದ ಗಾಜು

ಪೀನಮಸೂರ, ನಿಮ್ನಮಸೂರ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದವರು ನಾವೆಲ್ಲ. ಆದರೆ ಆ ಮಸೂರವೆಂಬುದು ನಮ್ಮ ಅಡುಗೆಮನೆಯ ಚೆನ್ನಂಗಿ ಬೇಳೆಯೇ ಎಂಬುದು ನಮಗೆ ಹೊಳೆದದ್ದು ಕಲ್ಕತ್ತೆಗೆ ಬಂದ ಮೇಲೆ. ಅಜ್ಜಿಯ ಮನೆಯಲ್ಲಿದ್ದು ಓದು ಮುಗಿಸಿ 1976ರಲ್ಲಿ ಕಾಲೇಜಿಗೆಂದು ತಂದೆತಾಯಿಯರ ಬಳಿ ಬಂದ ದಿನ, ಕೆಳಮನೆಯ ಬಂಗಾಳಿ ಗೃಹಿಣಿ ಒಂದು ಬಟ್ಟಲು ಬಿಸಿ ಸಾರು ತಂದಿತ್ತು 'ಮುಸೂರಿ ಡಾಲ್' ಎಂದಾಗ ನಮಗೆ ನಗು ತಡೆಯಲಾಗಲಿಲ್ಲ. ಗಾಜಿನ ಬಿಲ್ಲೆಯನ್ನು ಬೇಯಿಸಿ ತಂದಿದ್ದಾರೆಂದೇ ನಮಗನ್ನಿಸಿತು! ಲ್ಯಾಟಿನ್ ಭಾಷೆಯಲ್ಲಿಯೂ 'ಲೆನ್ಸ್' ಎಂದರೆ ಅದೇ ಬೇಳೆ. ಎರಡೂ ಕಡೆ ಉಬ್ಬಿದ ಆ ಪುಟ್ಟ ಕಾಳಿನ ಆಕಾರವನ್ನು ಕಂಡವರು ಗಾಜಿಗೂ ಅದೇ ಹೆಸರನ್ನು ಕೊಟ್ಟರು. ನಮ್ಮ ಪಂಡಿತರು ಅದನ್ನು ಸಂಸ್ಕೃತದ ಮಸೂರವಾಗಿಸಿ ಪಠ್ಯಪುಸ್ತಕಕ್ಕೆ ಸೇರಿಸಿದರು. ಮಾಡಿದ್ದು ಒಳ್ಳೆಯದೇ ಆಯಿತು.

ಊರಿನ ಹೆಸರು 2001ರಲ್ಲಿ ಕೋಲ್ಕತ್ತ ಎಂದು ಬದಲಾಯಿತು. ನಮ್ಮ ಬಾಯಲ್ಲಿ ಮಾತ್ರ ಇನ್ನೂ ಕಲ್ಕತ್ತೆಯೇ. ಹಾಗೆಯೇ ಡಾಕ್ಟರ್ ಮೇಘನಾದ ಸಾಹಾ ಸರಣಿ ಎಂದು ಫಲಕ ಹೇಳಿದರೂ ಗೋಲ್ ಪಾರ್ಕಿನಿಂದ ಪಶ್ಚಿಮಕ್ಕೆ ಕೆರೆಯ ಪಕ್ಕದಲ್ಲಿ ಸಾಗುವ ಆ ಮರಗಳ ಸಾಲುರಸ್ತೆ ನಮಗೆಲ್ಲ ಸದರ್ನ್ ಅವೆನ್ಯೂವೇ. ಲೇಕ್ ಮಾರ್ಕೆಟ್ಟಿನಲ್ಲಿ ಬಾಳೆಯೆಲೆ, ನುಗ್ಗೆಕಾಯಿ, ಕಾಫಿಪುಡಿ ಕೊಂಡು ಅಲ್ಲಿಂದ ಕೆರೆಯ ದಂಡೆಗೆ ನಡೆದುಹೋಗದ ದಕ್ಷಿಣದ ಸಂಸಾರ ಈ ಊರಿನಲ್ಲಿ ಅಪರೂಪ. ಹಳೆಯ ಮಾರ್ಕೆಟ್ಟಿನ ಜಾಗದಲ್ಲಿ ಈಗ ಮಾಲ್ ನಿಂತಿದೆ. ಕೆರೆ ಮಾತ್ರ ಇದೆ. 1920ರ ದಶಕದಲ್ಲಿ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟಿನವರು ಜೌಗುಭೂಮಿಯನ್ನು ಪಡೆದು, ತೋಡಿ, ಆ ಮಣ್ಣಿನಿಂದಲೇ ಸುತ್ತಲಿನ ನೆಲವನ್ನು ಎತ್ತರಿಸಿ ಮಾಡಿದ ಢಾಕುರಿಯಾ ಕೆರೆ ಅದು. 1958ರಲ್ಲಿ ಅದಕ್ಕೆ ರವೀಂದ್ರ ಸರೋವರವೆಂದು ಹೆಸರಾಯಿತು.

ಈ ದಾರಿಯಲ್ಲಿ ಭಾನುವಾರ ಬೆಳಗ್ಗೆ ನಡೆಯುವ ನಮ್ಮ ಸಂಘದ ನಾಲ್ಕೈದು ಮಂದಿಗೆ ಫೋಟೋ ತೆಗೆಯುವ ಹುಚ್ಚು. ಹುಚ್ಚಿತ್ತು ಎನ್ನಬೇಕು. ಮೂರು ವರ್ಷದ ಹಿಂದೆ ಒಂದು ದಿನ ಗೆಳೆಯರೊಬ್ಬರು ಬೆಂಚಿನ ಮೇಲೆ ಕುಳಿತು, "ಏನು ತೆಗೆಯುವುದು? ಎಲ್ಲ ತೆಗೆದಾಯಿತು" ಎಂದರು. ಯಾರೂ ಎದುರು ಹೇಳಲಿಲ್ಲ. ನಮ್ಮ ಫೋನಿನಲ್ಲಿ ಆ ಹೊತ್ತಿಗೆ ಹದಿನಾಲ್ಕು ಸಾವಿರ ಚಿತ್ರಗಳಿದ್ದವು. ಅವುಗಳಲ್ಲಿ ಎರಡನೆಯ ಬಾರಿ ನೋಡಿದ್ದು ನೂರೂ ಇರಲಾರವು. ತೆಗೆಯುವುದು ಸುಲಭವಾದಷ್ಟೂ ತೆಗೆಯುವ ಆಸೆ ಬತ್ತಿತ್ತು. ಅದೇ ವಾರ ಮನೆಯ ಗಾಡ್ರೆಜ್ ಬೀರುವನ್ನು ಖಾಲಿ ಮಾಡುವಾಗ ತಂದೆಯವರ ಚರ್ಮದ ಚೀಲ ಸಿಕ್ಕಿತು. ಒಳಗೆ ರಷ್ಯದ ಜೆನಿಟ್ ಕ್ಯಾಮೆರಾ, ಅದರ ಮೂತಿಗೆ ಹೀಲಿಯೋಸ್ ಎಂಬ ಮಸೂರ, ಜೊತೆಗೆ ಗಂಟುಗಂಟಾದ ಒಂದು ಹುರಿ. ಹುರಿಯ ಕಥೆಯನ್ನು ಆಮೇಲೆ ಹೇಳುತ್ತೇವೆ.

ಆ ಚೀಲದಿಂದ ಹೊರಟ ಕುತೂಹಲ ನಮ್ಮನ್ನು ಈ ಊರಿನ ಛಾಯಾಗ್ರಹಣದ ಇತಿಹಾಸದೊಳಗೆ ಎಳೆದುಕೊಂಡು ಹೋಯಿತು. ಹಳೆಯ ಕೈಯೋಡಾಟದ ಮಸೂರ ಹಿಡಿದವರು, ಅದೂ ಒಂದೇ ಮಸೂರ ಹಿಡಿದವರು, ಹತ್ತಿಪ್ಪತ್ತು ವರ್ಷ ದಣಿಯದೆ ಹೇಗೆ ಕೆಲಸ ಮಾಡಿದರು ಎಂಬುದು ನಮ್ಮ ಪ್ರಶ್ನೆಯಾಗಿತ್ತು.

ಕ್ಯಾಮೆರಾ ಈ ಊರಿಗೆ ಬಂದದ್ದು ಬಹಳ ಬೇಗ. 1839ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೇರ್ ತನ್ನ ವಿಧಾನವನ್ನು ಪ್ರಕಟಿಸಿದ ಮರುವರ್ಷವೇ ಇಲ್ಲಿನ ಅಂಗಡಿಯವರು ಯಂತ್ರವನ್ನು ತರಿಸಿ ಜಾಹೀರಾತು ಕೊಟ್ಟಿದ್ದರು. 1856ರಲ್ಲಿ ಬಂಗಾಳದ ಛಾಯಾಗ್ರಹಣ ಸಂಘ ಹುಟ್ಟಿತು. ಪುರಾತತ್ವ ಪಂಡಿತ ರಾಜೇಂದ್ರಲಾಲ ಮಿತ್ರರು ಅದರ ಕೋಶಾಧಿಕಾರಿ. ಮರುವರ್ಷ ಅವರು ನೀಲಿ ಬೆಳೆಯ ಬಿಳಿಯ ತೋಟಗಾರರ ದಬ್ಬಾಳಿಕೆಯನ್ನು ಸಾರ್ವಜನಿಕ ಸಭೆಯಲ್ಲಿ ಖಂಡಿಸಿದರು. ಸಂಘ ಅವರನ್ನು ಹೊರಹಾಕಿತು. ಫೋಟೋ ಸಂಘಕ್ಕೂ ನೀಲಿ ತೋಟಕ್ಕೂ ಏನು ಸಂಬಂಧ ಎಂದು ಕೇಳುವಂತಿಲ್ಲ. ಸಂಘಗಳ ಸ್ವಭಾವವೇ ಹಾಗೆ, ನಮ್ಮ ವಾರ್ಷಿಕ ಮಹಾಸಭೆಗಳನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೋದ ಹೆಸರನ್ನು ಹಿರಿಯರೆಲ್ಲ ಬಲ್ಲರು. 1991ರ ಬೆಂಕಿಯಲ್ಲಿ ಅದರ ಹಳೆಯ ನೆಗೆಟಿವ್‌ಗಳ ಭಂಡಾರ ಹಾಳಾಯಿತು; 2016ರಲ್ಲಿ ಬಾಗಿಲೂ ಮುಚ್ಚಿತು. ಮದುವೆಯಾದ ಹೊಸತರಲ್ಲಿ ಅಲ್ಲಿ ನಿಂತು ಪಟ ತೆಗೆಸಿಕೊಂಡ ಕನ್ನಡ ದಂಪತಿಗಳು ನಮ್ಮಲ್ಲಿಯೂ ಇದ್ದಾರೆ. ಪಟ ಗೋಡೆಯ ಮೇಲಿದೆ, ಅಂಗಡಿ ಇಲ್ಲ.

ಇನ್ನು ನಮ್ಮ ಅವೆನ್ಯೂವಿಗೇ ಬರೋಣ. ಇಲ್ಲಿಂದ ಕೂಗಳತೆಯ ಲೇಕ್ ಟೆಂಪಲ್ ರಸ್ತೆಯಲ್ಲಿ 1959ರಿಂದ 1970ರವರೆಗೆ ಸತ್ಯಜಿತ್ ರಾಯ್ ವಾಸವಾಗಿದ್ದರು. ಅದಕ್ಕೆ ಮುಂಚೆ ಪಕ್ಕದ ಲೇಕ್ ಅವೆನ್ಯೂವಿನಲ್ಲಿ. ಹುಡುಗನಾಗಿದ್ದಾಗಲೇ ಫಾಯ್ಕ್‌ಲ್ಯಾಂಡರ್ ಕ್ಯಾಮೆರಾದಲ್ಲಿ ತೆಗೆದ ಚಿತ್ರಕ್ಕೆ ವಿಲಾಯತಿಯ ಮಕ್ಕಳ ಪತ್ರಿಕೆಯೊಂದರ ಬಹುಮಾನ ಗಳಿಸಿದವರು ಅವರು. ಅವರ ಮೊದಲ ಚಿತ್ರಕ್ಕೆ ಕ್ಯಾಮೆರಾ ಹಿಡಿದ ಸುಬ್ರತ ಮಿತ್ರರಿಗೆ ಆಗ 21 ವರ್ಷ. ಅದುವರೆಗೆ ಅವರು ಚಲನಚಿತ್ರದ ಕ್ಯಾಮೆರಾ ಮುಟ್ಟಿದವರಲ್ಲ. 1956ರ 'ಅಪರಾಜಿತೊ'ಗಾಗಿ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದೊಳಗೆ ಕಟ್ಟಿದಾಗ, ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಕೆಳಗಿನಿಂದ ಅದರತ್ತ ತಿರುಗಿಸಿ, ಬಟ್ಟೆಯಿಂದ ಮರಳುವ ಮೃದುವಾದ ಬೆಳಕಿನಲ್ಲಿ ಚಿತ್ರೀಕರಿಸಿದರು. ಅಂಗಳಕ್ಕೆ ಆಕಾಶದಿಂದ ಇಳಿಯುವ ನೆರಳಿಲ್ಲದ ಬೆಳಕು ಅದೇ. ದಕ್ಷಿಣ ಕನ್ನಡದ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಆದರೆ ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದವರು ನಿಮಾಯ್ ಘೋಷ್. 1934ರಲ್ಲಿ ಹುಟ್ಟಿದ ಅವರು ಉತ್ಪಲ ದತ್ತರ ನಾಟಕ ತಂಡದಲ್ಲಿ ನಟರಾಗಿದ್ದರು. ಕ್ಯಾಮೆರಾದ ಹಂಬಲವೇ ಇರಲಿಲ್ಲ. ಯಾರೋ ಟ್ಯಾಕ್ಸಿಯಲ್ಲಿ ಮರೆತುಹೋದ ಕ್ಯಾನೊನೆಟ್ ಕ್ಯಾಮೆರಾವೊಂದು ಅವರ ಪರಿಚಿತನ ಕೈಸೇರಿತು. ಆತ ಇವರಿಗೆ ಇನ್ನೂರ ನಲವತ್ತು ರೂಪಾಯಿ ಬಾಕಿ ಕೊಡಬೇಕಾಗಿತ್ತಂತೆ. ಆ ಸಾಲಕ್ಕೆ ಕ್ಯಾಮೆರಾ ವಜಾ ಆಯಿತು. ಮಸೂರವನ್ನು ಕಳಚಲು ಬಾರದ ಕ್ಯಾಮೆರಾ ಅದು. ದೂರದ್ದನ್ನು ಹತ್ತಿರ ಮಾಡಬೇಕಾದರೆ ಕಾಲನ್ನೇ ಮುಂದಿಡಬೇಕು. ಅದನ್ನು ಹೆಗಲಿಗೆ ಹಾಕಿಕೊಂಡು 1968ರಲ್ಲಿ ರಾಂಪುರ್‌ಹಾಟಿಗೆ ಹೋದರು. ಅಲ್ಲಿ 'ಗೂಪಿ ಗಾಯ್ನೆ ಬಾಘಾ ಬಾಯ್ನೆ'ಯ ಚಿತ್ರೀಕರಣ ನಡೆದಿತ್ತು. ಬಾಘಾನ ಪಾತ್ರ ಮಾಡುತ್ತಿದ್ದ ರವಿ ಘೋಷ್ ಇವರ ಗೆಳೆಯ. ರಾಯ್ ಕೆಲಸ ಮಾಡುವುದನ್ನು ದೂರ ನಿಂತು ತೆಗೆದ ಆ ಚಿತ್ರಗಳನ್ನು ಕಲಾನಿರ್ದೇಶಕ ಬನ್ಸಿ ಚಂದ್ರಗುಪ್ತರು ನೋಡಿ ರಾಯ್ ಅವರ ಮುಂದಿಟ್ಟರು. ತಾವಾದರೂ ಇದೇ ಕೋನದಿಂದ ತೆಗೆಯುತ್ತಿದ್ದೆವೆಂದು ರಾಯ್ ಮೆಚ್ಚಿದರು.

ಅಲ್ಲಿಂದ 1992ರಲ್ಲಿ ರಾಯ್ ತೀರಿಕೊಳ್ಳುವವರೆಗೆ, ಸುಮಾರು ಕಾಲು ಶತಮಾನ, ನಿಮಾಯ್ ಘೋಷರು ಒಬ್ಬನೇ ಮನುಷ್ಯನನ್ನು ತೆಗೆದರು ಎಂದರೆ ಅತಿಶಯವಲ್ಲ. ಅದೇ ಎತ್ತರದ ಆಳು, ಅದೇ ಪೈಪು, ಅದೇ ಕುರ್ಚಿ, ಕಿಟಕಿಯ ಅದೇ ಬೆಳಕು. ಫ್ಲ್ಯಾಶ್ ಹಚ್ಚಿ ಆ ಬೆಳಕನ್ನು ಕೆಡಿಸಲು ಅವರಿಗೆ ಮನಸ್ಸಿರಲಿಲ್ಲ. ಡಿಜಿಟಲ್ ಬಂದ ಮೇಲೆಯೂ ಫಿಲ್ಮನ್ನು ಬಿಡಲಿಲ್ಲ. 2010ರಲ್ಲಿ ಪದ್ಮಶ್ರೀ ಬಂತು. 2020ರ ಮಾರ್ಚ್ 25ರಂದು, ದೇಶವೆಲ್ಲ ಬಾಗಿಲು ಹಾಕಿಕೊಂಡ ಮೊದಲ ದಿನ, ಈ ಊರಿನಲ್ಲೇ ತೀರಿಕೊಂಡರು. "ಎಲ್ಲ ತೆಗೆದಾಯಿತು" ಎಂದ ನಮ್ಮ ಗೆಳೆಯರಿಗೆ ಈ ಕಥೆ ಹೇಳಿದಾಗ ಅವರು, "ಅವರ ಎದುರಿಗೆ ಸತ್ಯಜಿತ್ ರಾಯ್ ಇದ್ದರು, ನಮ್ಮ ಎದುರಿಗೆ ಕಡಲೆಕಾಯಿ ಮಾರುವವನಿದ್ದಾನೆ" ಎಂದರು. ಉತ್ತರ ತಕ್ಷಣ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು: ರಾಯ್ ಅವರ ಸೆಟ್ಟಿಗೆ ಬಂದು ಹೋದ ಛಾಯಾಗ್ರಾಹಕರು ಬಹಳ ಮಂದಿ, ನಿಂತವರು ಇವರು.

ನಮ್ಮವರ ಕಥೆ ಇನ್ನೂ ಸ್ವಾರಸ್ಯವಾದದ್ದು. 1925ರ ಜುಲೈ 9ರಂದು ಬೆಂಗಳೂರಿನಲ್ಲಿ ಹುಟ್ಟಿದ ಪಡುಕೋಣೆ ಮನೆತನದ ಹುಡುಗನೊಬ್ಬ ಈ ಊರಿನ ಭವಾನಿಪುರದಲ್ಲಿ ಬೆಳೆದ. ಇಲ್ಲಿಂದ ಟ್ರಾಮಿನಲ್ಲಿ ಸ್ವಲ್ಪವೇ ದೂರ. ತಂದೆಗೆ ಕಂಪನಿಯ ಗುಮಾಸ್ತೆ ಕೆಲಸ. ತಾಯಿ ವಾಸಂತಿ ಪಡುಕೋಣೆಯವರು ಪಾಠ ಹೇಳುತ್ತ, ಕನ್ನಡದಲ್ಲಿ ಕಥೆ ಬರೆಯುತ್ತ, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತರುತ್ತ ಸಂಸಾರ ತೂಗಿಸಿದವರು. ನಮ್ಮಂಥ ವಲಸೆಯ ಸಂಸಾರವೇ. ಸಂಜೆ ಅಜ್ಜಿ ದೇವರಿಗೆ ದೀಪ ಹಚ್ಚಿದಾಗ ಆ ಕುಡಿದೀಪದ ಮುಂದೆ ಬೆರಳಾಡಿಸಿ ಗೋಡೆಯ ಮೇಲೆ ನೆರಳಿನ ಚಿತ್ರಗಳನ್ನು ಮಾಡುತ್ತಿದ್ದನಂತೆ ಹುಡುಗ. ಬಂಧುಗಳಾದ ಚಿತ್ರಕಾರ ಬಿ. ಬಿ. ಬೆನೆಗಲ್ಲರು ಹಾವು ಸುತ್ತಿಕೊಂಡ ಮನುಷ್ಯನ ಚಿತ್ರ ಬರೆದಿದ್ದರು. ಅದನ್ನು ನೋಡಿ ಸರ್ಪನೃತ್ಯ ಕಟ್ಟಿ, ಫೋಟೋ ತೆಗೆಯಿರೆಂದು ಅವರನ್ನೇ ಕಾಡಿದ. ತೆಗೆದರು. ಮುಂದೆ ಆತ ಉದಯಶಂಕರರ ಅಲ್ಮೋರದ ನೃತ್ಯಕೇಂದ್ರಕ್ಕೆ ಹೋದ, ಅಲ್ಲಿಂದ ಚಿತ್ರರಂಗಕ್ಕೆ. ಗುರುದತ್ತ ಎಂಬ ಹೆಸರು ಬಂಗಾಳಿಯದೆಂದು ಇಂದಿಗೂ ವಾದಿಸುವ ಟ್ಯಾಕ್ಸಿ ಚಾಲಕರನ್ನು ನಾವು ಕಂಡಿದ್ದೇವೆ. ವಾದ ಮಾಡುವುದಿಲ್ಲ, ಬಾಡಿಗೆ ಹೆಚ್ಚಾಗುತ್ತದೆ.

ಗುರುದತ್ತರಿಗೆ ಜೊತೆಯಾದ ಕಣ್ಣೂ ನಮ್ಮ ಕಡೆಯದೇ. ವಿ. ಕೆ. ಮೂರ್ತಿ, 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತವರು, ಪಿಟೀಲು ನುಡಿಸಬಲ್ಲವರು, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು. 1951ರ 'ಬಾಜಿ'ಯಲ್ಲಿ ಸಹಾಯಕರಾಗಿದ್ದಾಗ ಒಂದು ಕಠಿಣ ಷಾಟನ್ನು ತಾವೇ ಸೂಚಿಸಿ ತೆಗೆದುಕೊಟ್ಟರು. ಮುಂದಿನ ಚಿತ್ರದಿಂದ ಗುರುದತ್ತರ ಛಾಯಾಗ್ರಾಹಕರಾದರು. ಕಲ್ಕತ್ತೆಯಲ್ಲಿ ನಡೆಯುವ ಕಥೆಯಾದ 1957ರ 'ಪ್ಯಾಸಾ'ವನ್ನು ಮತ್ತೊಮ್ಮೆ ನೋಡುವಾಗ ಓದುಗರು ಮುಖಗಳನ್ನು ಗಮನಿಸಬೇಕು. ಆ ಕಾಲದ ಸಾಮಾನ್ಯ ಮಸೂರ 50 ಮಿಲಿಮೀಟರಿನದು. ಗುರುದತ್ತರಿಗೆ ಸಮೀಪಚಿತ್ರಕ್ಕೆ 75 ಮಿಲಿಮೀಟರಿನದೇ ಬೇಕು. ಸಂಗಮದೂರ ಹೆಚ್ಚಿದಂತೆ ಹಿನ್ನೆಲೆ ಮಂಜಾಗಿ ಹಿಂದೆ ಸರಿಯುತ್ತದೆ, ಕಣ್ಣು ಮುಂದೆ ಬರುತ್ತದೆ. ಅದರ ಬೆಲೆ ತೆರುವವನು ಫೋಕಸ್ ತಿರುಗಿಸುವ ಸಹಾಯಕ; ನಟ ಒಂದು ಗೇಣು ಮುಂದೆ ಬಾಗಿದರೆ ಅವನ ಕೈ ಉಂಗುರವನ್ನು ಒಂದು ನೂಲಿನಷ್ಟು ತಿರುಗಿಸಬೇಕು.

1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅಗಲದ ನೋಟವನ್ನು ಹಿಂಡಿ ಫಿಲ್ಮಿಗಿಳಿಸುವ ಹೊಸ ಬಗೆಯ ಮಸೂರವನ್ನು ಮೂರ್ತಿಯವರು ಕೆಲಸ ಮಾಡುತ್ತಲೇ ಪಳಗಿಸಿಕೊಂಡರು. ಅದರ ಪ್ರಸಿದ್ಧವಾದ ಬೆಳಕಿನ ಕಂಬವನ್ನು ಎಲ್ಲರೂ ಬಲ್ಲರು. ಸ್ಟುಡಿಯೋದ ದೀಪಗಳ ಬೆಳಕು ದೂರ ಹೋದಂತೆ ಹರಡುತ್ತದೆ. ಬೇಕಾಗಿದ್ದುದು ಹರಡದ, ನೇರವಾದ ಕಿರಣ. ಅದನ್ನು ಕೊಡಬಲ್ಲವನು ಸೂರ್ಯನೊಬ್ಬನೇ. ಹೊರಗೊಂದು ದೊಡ್ಡ ಕನ್ನಡಿಯಿಟ್ಟು ಬಿಸಿಲನ್ನು ಒಳಗೆ ಕಳಿಸಿ, ಒಳಗೆ ಇನ್ನೊಂದು ಕನ್ನಡಿಯಿಂದ ಅದನ್ನು ಬೇಕಾದಲ್ಲಿಗೆ ತಿರುಗಿಸಿದರು. ಹೊಗೆ ಹಾಕಿದಾಗ ಕಿರಣ ಕಂಬದಂತೆ ಎದ್ದು ನಿಂತಿತು. ಚಿತ್ರ ಸೋತಿತು. ಸೋಲು ಗುರುದತ್ತರನ್ನು ಎಷ್ಟು ತಿಂದಿತೆಂದರೆ ಮುಂದೆ ತಮ್ಮ ಹೆಸರಿನಲ್ಲಿ ನಿರ್ದೇಶನವನ್ನೇ ಮಾಡಲಿಲ್ಲ, 1964ರಲ್ಲಿ ಹೋದರು. ಮೂರ್ತಿಯವರು ಬಹುಕಾಲ ಬದುಕಿದರು. 1993ರಲ್ಲಿ ಕನ್ನಡದ 'ಹೂವು ಹಣ್ಣು' ಚಿತ್ರಕ್ಕೆ ಕ್ಯಾಮೆರಾ ಹಿಡಿದರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಾಗ, ಛಾಯಾಗ್ರಾಹಕರಲ್ಲಿ ಅದನ್ನು ಪಡೆದ ಮೊದಲಿಗರು ಅವರೇ. 2014ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ನಮ್ಮ ಸಂಘಗಳು ಇಂಥವರನ್ನು ಬದುಕಿದ್ದಾಗ ಕರೆಸಿ ಒಂದು ಶಾಲು ಹೊದಿಸಲಿಲ್ಲವಲ್ಲ ಎಂಬ ಕೊರಗು ನಮಗಿದೆ.

ಮೈಸೂರಿನವರೇ ಆದ ಟಿ. ಎಸ್. ಸತ್ಯನ್ ಅವರನ್ನು ಇಲ್ಲಿ ನೆನೆಯದೆ ಇರಲಾಗದು. 1977ರ ಪದ್ಮಶ್ರೀ, ಸಿಡುಬು ನಿರ್ಮೂಲನದ ಚಿತ್ರಗಳು, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನ, ಇವೆಲ್ಲ ದೊಡ್ಡ ಸಂಗತಿಗಳೇ. ಆದರೂ ಅವರ ಚಿತ್ರದಲ್ಲಿ ಕಾಣುವುದು ಪಾಟಿ ಹಿಡಿದ ಹುಡುಗ, ನೀರು ಸೇದುವ ಹೆಂಗಸು, ಅಂದರೆ ನಮ್ಮ ಗೆಳೆಯರ ಕಡಲೆಕಾಯಿ ಮಾರುವವನೇ.

ಇನ್ನು ಬೀರುವಿನಿಂದ ಹೊರಬಂದ ಮಸೂರದ ಜಾತಕ. ಜರ್ಮನಿಯ ಜೈಸ್ ಕಾರ್ಖಾನೆಯಲ್ಲಿ 1902ರಲ್ಲಿ ಪೌಲ್ ರುಡಾಲ್ಫ್ ನಾಲ್ಕು ಗಾಜುಗಳ 'ಟೆಸ್ಸಾರ್' ಮಸೂರವನ್ನು ರೂಪಿಸಿದ. ನಮ್ಮಜ್ಜಂದಿರ ಕಾಲದ ಒಳ್ಳೆಯ ಕ್ಯಾಮೆರಾಗಳಲ್ಲಿ ಬಹುಪಾಲು ಅದರದೋ ಅದರ ಮರಿಗಳದೋ ಸಂತಾನ. ಅದೇ ಜೈಸ್ 1930ರ ದಶಕದಲ್ಲಿ ಹೊರತಂದ 58 ಮಿಲಿಮೀಟರಿನ 'ಬಯೋಟಾರ್' ಇನ್ನೂ ಹೆಚ್ಚು ಬೆಳಕು ಕುಡಿಯುವಂಥದು. ಯುದ್ಧ ಮುಗಿದ ಮೇಲೆ ಸೋತ ಜರ್ಮನಿಯಿಂದ ಯಂತ್ರಗಳೂ ನಕ್ಷೆಗಳೂ ಪರಿಹಾರರೂಪದಲ್ಲಿ ರಷ್ಯಕ್ಕೆ ಸಾಗಿದವು. ಬಯೋಟಾರ್ ಅಲ್ಲಿ ಹೀಲಿಯೋಸ್ ಆಗಿ ಮರುಹುಟ್ಟು ಪಡೆದು ಲಕ್ಷಗಟ್ಟಲೆ ತಯಾರಾಯಿತು. ಆಮದಿನ ಕಟ್ಟುನಿಟ್ಟಿದ್ದ ಆ ದಿನಗಳಲ್ಲಿ ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಬಿಟ್ಟರೆ ಸಾಮಾನ್ಯರ ಕೈಗೆಟಕುತ್ತಿದ್ದುದು ಈ ರಷ್ಯನ್ ಮಾಲೇ. ನಮ್ಮ ತಂದೆ 1973ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ವರ್ಷ, ಧರ್ಮತಲಾದ ಮೆಟ್ರೊ ಗಲ್ಲಿಯಲ್ಲಿ ಅದನ್ನು ಕೊಂಡರು. ಬ್ಯಾಂಕಿನ ಗುಮಾಸ್ತೆಗೆ ಅದು ಎರಡು ತಿಂಗಳ ಸಂಬಳ. ಅಮ್ಮ ಒಂದು ವಾರ ಮಾತು ಬಿಟ್ಟಿದ್ದರಂತೆ.

ದೇಶದಲ್ಲೇ ಮಸೂರ ಮಾಡುವ ಪ್ರಯತ್ನವೂ ನಮ್ಮ ಅವೆನ್ಯೂವಿನಿಂದ ದಕ್ಷಿಣಕ್ಕೆ ತುಸು ದೂರದ ಜಾದವಪುರದಲ್ಲೇ ನಡೆಯಿತೆಂಬುದು ಬಹಳ ಮಂದಿಗೆ ಗೊತ್ತಿಲ್ಲ. ದೃಗ್ಗಾಜು ಕಿಟಕಿಯ ಗಾಜಿನಂತಲ್ಲ. ಕರಗಿದ ಗಾಜನ್ನು ಎಡೆಬಿಡದೆ ಕಲಕಿ, ಗುಳ್ಳೆ ಗೆರೆ ಉಳಿಯದಂತೆ ನೋಡಿ, ದಿನಗಟ್ಟಲೆ ನಿಧಾನವಾಗಿ ಆರಿಸಬೇಕು. ಅವಸರಪಟ್ಟರೆ ಒಳಗೇ ಬಿಗುವು ಉಳಿದು ಬೆಳಕು ವಕ್ರವಾಗುತ್ತದೆ. ಆ ಗುಟ್ಟನ್ನು ಬಲ್ಲ ಕೆಲವೇ ರಾಷ್ಟ್ರಗಳು ಅದನ್ನು ಬಿಟ್ಟುಕೊಡುತ್ತಿರಲಿಲ್ಲ. 1950ರಲ್ಲಿ ಜಾದವಪುರದಲ್ಲಿ ಆರಂಭವಾದ ಕೇಂದ್ರ ಗಾಜು ಮತ್ತು ಪಿಂಗಾಣಿ ಸಂಶೋಧನಾಲಯದಲ್ಲಿ ಡಾಕ್ಟರ್ ಆತ್ಮಾರಾಮರ ನೇತೃತ್ವದಲ್ಲಿ ನಮ್ಮವರೇ ಅದನ್ನು ಸಾಧಿಸಿದರು. ಪಕ್ಕದಲ್ಲೇ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಕಾರ್ಖಾನೆ. 1830ರಲ್ಲಿ ಭೂಮಾಪನದ ಉಪಕರಣಗಳಿಗಾಗಿ ಹುಟ್ಟಿದ ಸರ್ಕಾರಿ ಕಚೇರಿಯೇ ಬೆಳೆದು 1957ರಲ್ಲಿ ಈ ಕಂಪನಿಯಾಯಿತು. ದುರ್ಬೀನು, ಸೂಕ್ಷ್ಮದರ್ಶಕಗಳ ಜೊತೆಗೆ 'ನ್ಯಾಷನಲ್ 35' ಎಂಬ ಕ್ಯಾಮೆರಾವನ್ನೂ ಮಾಡಿದರು. ಕಾರ್ಖಾನೆ ಮುಚ್ಚಿ, ಆ ಆವರಣ ಈಗ ಜಾದವಪುರ ವಿಶ್ವವಿದ್ಯಾಲಯದ್ದಾಗಿದೆ. ಇದೇ ಕಲ್ಕತ್ತೆಯಲ್ಲಿ, ಮುಂದೆ ಬೆಂಗಳೂರಿನವರೇ ಆಗಿಬಿಟ್ಟ ಸಿ. ವಿ. ರಾಮನ್ ಅವರು 1928ರ ಸುಮಾರಿಗೆ ದುರ್ಬೀನಿನ ದೊಡ್ಡ ಮಸೂರವೊಂದರಿಂದ ಬಿಸಿಲನ್ನು ಒಟ್ಟುಗೂಡಿಸಿ ತಮ್ಮ ಪರಿಣಾಮವನ್ನು ಕಂಡರು. ಗಾಜು ಹಳೆಯದೋ ಹೊಸದೋ ಎಂದು ಅವರು ಕೇಳಿದವರಲ್ಲ.

ಈ ಊರಿನಲ್ಲಿ ಮಸೂರದ ಪರಮಶತ್ರು ಬೂಷ್ಟು. ಮಳೆಗಾಲದ ತೇವದಲ್ಲಿ, ಕತ್ತಲೆಯ ಚರ್ಮದ ಚೀಲದೊಳಗೆ, ಗಾಜಿನ ಮೇಲೆ ಜೇಡನ ಬಲೆಯಂತೆ ಹಬ್ಬುತ್ತದೆ. ಬಹುಕಾಲ ಬಿಟ್ಟರೆ ಅದರ ಆಮ್ಲ ಗಾಜಿನ ಲೇಪವನ್ನೇ ತಿನ್ನುತ್ತದೆ. ತಂದೆಯವರು 1998ರಲ್ಲಿ ತೀರಿಕೊಂಡ ಮೇಲೆ ಆ ಚೀಲವನ್ನು ನಾವು ತೆರೆದದ್ದೇ ಇಲ್ಲ. ಕ್ಯಾಮೆರಾದ ಬಟ್ಟೆಯ ಷಟರ್ ಹರಿದಿತ್ತು. ಮಸೂರದೊಳಗೆ ಬಲೆ ಕಟ್ಟಿತ್ತು. ರಿಪೇರಿಯವರೊಬ್ಬರಿಗೆ ಕೊಟ್ಟೆವು. ಬೂಷ್ಟು ಹೋಯಿತು, ಜೊತೆಗೆ ಮುಂದಿನ ಗಾಜಿನ ಲೇಪವೂ ಅರ್ಧ ಹೋಯಿತು. ಉಜ್ಜಿದ ಗೆರೆಗಳು ದೀಪಕ್ಕೆ ಹಿಡಿದರೆ ಕಾಣುತ್ತವೆ. ಸಿಟ್ಟು ಬಂತು. ಆದರೆ ಇಪ್ಪತ್ತೈದು ವರ್ಷ ಬೀರುವಿನಲ್ಲಿ ಕೊಳೆಯಿಸಿದವರು ಇಪ್ಪತ್ತೈದು ನಿಮಿಷ ಉಜ್ಜಿದವರನ್ನು ಬೈಯುವುದು ಹೇಗೆ? ಈಗ ಮಸೂರವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇವೆ, ವಾರಕ್ಕೊಮ್ಮೆ ಬಿಸಿಲು ತೋರಿಸುತ್ತೇವೆ. ಹಪ್ಪಳ ಒಣಗಿಸುವ ತಾರಸಿಯಲ್ಲೇ.

ಮಸೂರವನ್ನು ಹೊಸ ಕ್ಯಾಮೆರಾಕ್ಕೆ ಹಾಕಬಹುದೆಂದು ಹೇಳಿದವನು ಮಗ. ಜೆನಿಟ್ಟಿನಲ್ಲಿ ಮಸೂರದ ಬುಡಕ್ಕೂ ಫಿಲ್ಮಿಗೂ ನಡುವೆ ಕನ್ನಡಿಗೆಂದು ಸುಮಾರು 45 ಮಿಲಿಮೀಟರು ಜಾಗವಿತ್ತು. 2008ರಿಂದೀಚೆಗೆ ಬಂದ ಕನ್ನಡಿಯಿಲ್ಲದ ಕ್ಯಾಮೆರಾಗಳಲ್ಲಿ ಆ ಅಂತರ ಸಾಮಾನ್ಯವಾಗಿ 18ರಿಂದ 20 ಮಿಲಿಮೀಟರು. ಉಳಿದ ಅಂತರವನ್ನು ಒಂದು ಟೊಳ್ಳು ಲೋಹದ ಬಳೆ ತುಂಬುತ್ತದೆ, ಅಷ್ಟೆ. ಬಳೆಯಲ್ಲಿ ತಂತಿಯಿಲ್ಲ, ಗಾಜಿಲ್ಲ. ಕ್ಯಾಮೆರಾಕ್ಕೆ ತನ್ನ ಮುಂದೆ ಮಸೂರವಿದೆಯೆಂಬುದೇ ತಿಳಿಯದು. ಫೋಕಸ್ ಕೈಯಿಂದ, ಕಿಂಡಿಯ ಹಿಗ್ಗುಕುಗ್ಗು ಕೈಯಿಂದ. 1985ರಲ್ಲಿ ಮಿನೋಲ್ಟಾ 7000 ಬಂದ ಮೇಲೆ ಯಂತ್ರಕ್ಕೆ ವಹಿಸಿಕೊಟ್ಟಿದ್ದ ಕೆಲಸವೆಲ್ಲ ಮತ್ತೆ ಬೆರಳಿಗೆ ಬಂತು.

ಒಂದು ತಿಂಗಳು ಬೇರೆ ಏನನ್ನೂ ಮುಟ್ಟುವುದಿಲ್ಲವೆಂದು ನಿಶ್ಚಯಿಸಿ ಸದರ್ನ್ ಅವೆನ್ಯೂವಿಗೆ ಇಳಿದೆವು. ಮೊದಲ ವಾರ ಎಲ್ಲವೂ ಮಂಜು. ಹೀಲಿಯೋಸಿನ ಕಿಂಡಿಯನ್ನು ಪೂರ್ತಿ ತೆರೆದು ಒಂದೂವರೆ ಮೀಟರು ದೂರದ ಮುಖವನ್ನು ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಎಂಟು ಸೆಂಟಿಮೀಟರು ಮಾತ್ರ. ಮೂಗು ಸಿಕ್ಕರೆ ಕಿವಿ ಇಲ್ಲ. ಎರಡನೆಯ ವಾರ ಹಳಬರ ಉಪಾಯ ಕಲಿತೆವು: ಕಿಂಡಿಯನ್ನು ಎಫ್ 8ಕ್ಕೆ ಕಿರಿದು ಮಾಡಿ, ಉಂಗುರವನ್ನು 5 ಮೀಟರಿಗೆ ನಿಲ್ಲಿಸಿದರೆ ಮೂರೂಮುಕ್ಕಾಲು ಮೀಟರಿನಿಂದ ಏಳೂವರೆ ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಆಮೇಲೆ ಕ್ಯಾಮೆರಾವನ್ನು ನೋಡುವ ಕೆಲಸವೇ ಇಲ್ಲ, ಮನುಷ್ಯರನ್ನು ನೋಡಬಹುದು. ಸದರ್ನ್ ಅವೆನ್ಯೂವಿನ ಕಾಲುದಾರಿಯ ಈ ಮರದಿಂದ ಆ ಮರ ಎಷ್ಟು ದೂರವೆಂದು ನಲವತ್ತೇಳು ವರ್ಷ ನಡೆದರೂ ನಮಗೆ ಗೊತ್ತಿರಲಿಲ್ಲ. ಈಗ ಹೆಜ್ಜೆಯಲ್ಲಿ ಹೇಳಬಲ್ಲೆವು. ದೋಣಿಯ ಕ್ಲಬ್ಬಿನ ಹುಡುಗರು ಬೆಳಗಿನ ಆರು ಗಂಟೆಗೆ ಹುಟ್ಟು ಹೊತ್ತು ನೀರಿಗಿಳಿಯುವ ಮೆಟ್ಟಿಲು, ಚಳಿಗಾಲದಲ್ಲಿ ಮಂಜಿನೊಳಗೆ ತೂಗುಸೇತುವೆ, ಗಾಡಿಯ ಮೇಲೆ ಬಾಗಿದ ಕಡಲೆಕಾಯಿಯವನ ತುರಾಯಿಯಂಥ ಹೊಗೆ. ಸೂರ್ಯ ಎದುರಾದರೆ ಲೇಪ ಕಳೆದ ಗಾಜು ಚಿತ್ರವನ್ನೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಾಗಿಸುತ್ತದೆ. ಮರದ ಎಲೆಗಳ ನಡುವಿನ ಬೆಳಕಿನ ಚುಕ್ಕೆಗಳು ಸುಳಿಯಂತೆ ತಿರುಗುತ್ತವೆ. ಅದು ಹೀಲಿಯೋಸಿನ ಹುಟ್ಟುಗುಣ, ಹಿರಿಯಜ್ಜ ಬಯೋಟಾರಿನಿಂದ ಬಂದದ್ದು. ತಿಂಗಳ ಕೊನೆಗೆ ತೆಗೆದದ್ದು ಎಣಿಸಿದರೆ 212 ಚಿತ್ರ. ಅವುಗಳಲ್ಲಿ ಒಂಬತ್ತನ್ನು ಇಟ್ಟುಕೊಂಡೆವು. "ಎಲ್ಲ ತೆಗೆದಾಯಿತು" ಎಂದ ಗೆಳೆಯರು ಮೆಟ್ರೊ ಗಲ್ಲಿಗೆ ಹೋಗಿ ತಾವೂ ಒಂದು ಹಳೆಯ ಪೆಂಟಾಕ್ಸ್ ಮಸೂರ ತಂದಿದ್ದಾರೆ. ಅದು ನಮ್ಮದಕ್ಕಿಂತ ಚೆನ್ನಾಗಿದೆಯೆಂಬುದನ್ನು ನಾವಿನ್ನೂ ಒಪ್ಪಿಕೊಂಡಿಲ್ಲ.

ಇನ್ನು ಆ ಹುರಿಯ ಸಂಗತಿ. ನಮ್ಮ ತಾಯಿಗೆ ಈಗ 87. ಮಕ್ಕಳು ಮೊಮ್ಮಕ್ಕಳು ಫೋನ್ ಹಿಡಿದರೆ ಮುಖ ತಿರುಗಿಸುವವರು. ಒಂದು ಮಧ್ಯಾಹ್ನ ವರಾಂಡದಲ್ಲಿ ಅಕ್ಕಿ ಆರಿಸುತ್ತಿದ್ದಾಗ ನಾವು ಹೀಲಿಯೋಸನ್ನು ಹಿಡಿದು ಉಂಗುರವನ್ನು ಅತ್ತಿತ್ತ ತಿರುಗಿಸುತ್ತ, ಬೆವರುತ್ತ ನಿಂತೆವು. ಸ್ವಲ್ಪ ಹೊತ್ತು ನೋಡಿ, "ಹುರಿ ಎಲ್ಲಿ?" ಎಂದರು.

ಆಗ ತಿಳಿಯಿತು. ಸಂಘದ ನಾಟಕ, ಯುಗಾದಿ, ರಾಜ್ಯೋತ್ಸವಗಳು ನಡೆಯುತ್ತಿದ್ದ ಬಾಡಿಗೆ ಹಾಲಿನಲ್ಲಿ ಮಬ್ಬು ಬಲ್ಬುಗಳು. ಜೆನಿಟ್ಟಿನ ಕಿಂಡಿಯಲ್ಲಿ ಕಣ್ಣಿಟ್ಟರೆ ಕತ್ತಲೆಯೇ. ಅದಕ್ಕೆ ತಂದೆಯವರು ಜನ ಸೇರುವ ಮುಂಚೆ ಹೋಗಿ, ಹುರಿಯ ತುದಿಯನ್ನು ಅಮ್ಮನ ಕೈಗೆ ಕೊಟ್ಟು ವೇದಿಕೆಯ ಮೇಲೆ ನಿಲ್ಲಿಸಿ, ಗಂಟುಗಳ ಲೆಕ್ಕದಲ್ಲಿ ದೂರ ಅಳೆದು, ನಿಲ್ಲುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಉಂಗುರವನ್ನು ಆ ಅಂಕಿಗೆ ತಿರುಗಿಸಿಡುತ್ತಿದ್ದರಂತೆ. ಮೀಟರಿಗೊಂದು ಗಂಟು. ನಮ್ಮ ಸಂಘದ 1970ರ ದಶಕದ ಚಿತ್ರಗಳೆಲ್ಲ, ಕಚೇರಿಯ ಗೋಡೆಯ ಮೇಲೆ ಈಗಲೂ ಇರುವ ಮೂರೂ ಸೇರಿ, ಹಾಗೆ ತೆಗೆದವು. ಅವುಗಳಲ್ಲಿ ಯಾವುದರಲ್ಲಿಯೂ ಅಮ್ಮ ಇಲ್ಲ. ಹುರಿ ಹಿಡಿದು ನಿಂತವರು, ಕಾರ್ಯಕ್ರಮ ಶುರುವಾದ ಕೂಡಲೇ ಕೆಳಗಿಳಿದು ಹಿಂದೆ ಅಡುಗೆಯ ಕಡೆ ಹೋಗುತ್ತಿದ್ದರು.

ಚೀಲದಿಂದ ಹುರಿ ತಂದೆವು. ಅಮ್ಮ ಮೊರವನ್ನು ಪಕ್ಕಕ್ಕಿಟ್ಟು ತುದಿಯನ್ನು ಗಲ್ಲಕ್ಕೆ ಹಿಡಿದುಕೊಂಡರು, ಅಭ್ಯಾಸವಿದ್ದವರಂತೆ. ನಾವು ಹಿಂದೆ ಸರಿದೆವು. ಎರಡನೆಯ ಗಂಟು ಬಾಗಿಲ ಹೊಸ್ತಿಲಿಗೆ ಸರಿಯಾಗಿ ಬಂತು. ಉಂಗುರವನ್ನು ಎರಡಕ್ಕೆ ತಿರುಗಿಸಿ ಒತ್ತಿದೆವು. ಅವರು ಹುರಿಯನ್ನು ಇಳಿಸಿರಲಿಲ್ಲ. ಚಿತ್ರದಲ್ಲಿ ಅದು ಅವರ ಗಲ್ಲದಿಂದ ನಮ್ಮ ಕಡೆಗೆ, ಮಂಜಾಗುತ್ತ ಬಂದಿದೆ.